ಬೈಯದೆ ನಗಿಸುವುದು, ಬೈದು ನಗಿಸುವುದು

ಬೆಂಗಳೂರಿನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಒಂದು ಕೆಫೆಯ ಮಹಡಿ. ವಾರದ ನಡುವಿನ ಒಂದು ಸಂಜೆ. ಹಾಕಿರುವ ಕುರ್ಚಿಗಳಲ್ಲಿ ಅರ್ಧ ಖಾಲಿ. ಕೂತವರಲ್ಲೂ ಅರ್ಧ ಜನ ತಮ್ಮ ಸರದಿಗೆ ಕಾಯುತ್ತಿರುವ ಹಾಸ್ಯಗಾರರೇ. ಒಂದು ಮೈಕು, ಒಂದು ಎತ್ತರದ ಸ್ಟೂಲು, ಅದರ ಮೇಲೊಂದು ನೀರಿನ ಬಾಟಲಿ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ಸಮಯ ಮುಗಿಯುತ್ತಾ ಬಂದರೆ ಹಿಂದಿನ ಸಾಲಿನಿಂದ ಯಾರೋ ಮೊಬೈಲ್ ಟಾರ್ಚ್ ಹಾಕಿ ತೋರಿಸುತ್ತಾರೆ. ಇದು ಓಪನ್ ಮೈಕ್. ಹೊಸ ಜೋಕುಗಳು ಬದುಕುತ್ತವೋ ಸಾಯುತ್ತವೋ ಎಂದು ತಿಳಿಯುವುದು ಇಲ್ಲೇ.

ಹುಡುಗನೊಬ್ಬ ಮೈಕು ಹಿಡಿಯುತ್ತಾನೆ. ಮೊದಲ ಜೋಕಿಗೆ ಯಾರೂ ನಗುವುದಿಲ್ಲ. ಎರಡನೆಯದಕ್ಕೆ ಒಬ್ಬರು ಕೆಮ್ಮುತ್ತಾರೆ. ಮೂರನೆಯದರ ಕೊನೆಗೆ ಅವನು ಒಂದು ಹಸಿ ಬೈಗುಳ ಸೇರಿಸುತ್ತಾನೆ. ಕೋಣೆ ಘೊಳ್ಳೆಂದು ನಗುತ್ತದೆ. ಹುಡುಗನ ಭುಜ ಸಡಿಲವಾಗುತ್ತದೆ. ಅಲ್ಲಿಂದಾಚೆಗೆ ಎರಡು ವಾಕ್ಯಕ್ಕೊಂದು ಬೈಗುಳ.

ಇದೇ ಹುಡುಗನಿಗೆ ನಾಳೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ವಾರ್ಷಿಕೋತ್ಸವಕ್ಕೆ ಕರೆ ಬಂದರೆ, ಜೊತೆಗೆ ಒಂದು ಇಮೇಲ್ ಕೂಡ ಬರುತ್ತದೆ: ಬೈಗುಳ ಬೇಡ, ಧರ್ಮ ಬೇಡ, ರಾಜಕೀಯ ಬೇಡ. ಕೆಫೆಯಲ್ಲಿ ಸಿಗುವುದು ಅಭ್ಯಾಸ ಮತ್ತು ಚಪ್ಪಾಳೆ. ಕಾಸು ಸಿಗುವುದು ಈ ಕಾರ್ಪೊರೇಟ್ ಶೋಗಳಲ್ಲಿ. ಹಾಗಾಗಿ ವೃತ್ತಿಯಲ್ಲಿರುವ ಬಹುತೇಕ ಹಾಸ್ಯಗಾರರ ಬಳಿ ಎರಡು ಸೆಟ್ ಇರುತ್ತವೆ, ಒಂದು ಕ್ಲೀನ್, ಒಂದು ಖಾರದ್ದು.

ಸಭ್ಯ ಹಾಸ್ಯ ದೊಡ್ಡದೋ, ಬಿಚ್ಚುಮಾತಿನ ಹಾಸ್ಯ ದೊಡ್ಡದೋ ಎಂಬ ಜಗಳವನ್ನು ಸಾಮಾನ್ಯವಾಗಿ ಸಂಸ್ಕಾರದ ಪ್ರಶ್ನೆಯೆಂಬಂತೆ ಆಡುತ್ತೇವೆ. ಆದರೆ ಸ್ಟ್ಯಾಂಡ್‌ಅಪ್ ಕಲೆ ಈ ರೂಪ ಪಡೆದ ಅಮೆರಿಕದ ಚರಿತ್ರೆಯನ್ನು ನೋಡಿದರೆ, ಆ ಗೆರೆ ಎಳೆದವರು ಹೆಚ್ಚಾಗಿ ಟಿಕೆಟ್ ಮಾರುವವರು, ಜಾಹೀರಾತು ಕೊಡುವವರು ಮತ್ತು ಪೊಲೀಸರು.

ಮೊದಲ ಕತ್ತರಿ ಮಾಲೀಕನದು

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಊರೂರಿನಲ್ಲಿ ವಾಡೆವಿಲ್ ಎಂಬ ರಂಜನೆಯ ಆಟಗಳು ನಡೆಯುತ್ತಿದ್ದವು. ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಜಾದೂ, ಹಾಸ್ಯ ಎಲ್ಲವೂ. ಬಿ.ಎಫ್. ಕೀತ್ ಎಂಬ ಮಾಲೀಕ ತನ್ನ ಥಿಯೇಟರುಗಳಿಗೆ ಹೆಂಗಸರು, ಮಕ್ಕಳೂ ಬರಬೇಕೆಂದು ಬಯಸಿದ. ಕುಟುಂಬ ಬಂದರೆ ಒಂದು ಟಿಕೆಟ್ ಬದಲು ನಾಲ್ಕು ಟಿಕೆಟ್ ಹೋಗುತ್ತದೆ ಎಂಬುದು ಸರಳ ಲೆಕ್ಕ. ಅದಕ್ಕಾಗಿ ನೇಪಥ್ಯದಲ್ಲಿ ಎಚ್ಚರಿಕೆಯ ಫಲಕಗಳು ಬಂದವು. ಇಂದು ಯಾರ ಕಿವಿಗೂ ಚುಚ್ಚದ ಸಣ್ಣಪುಟ್ಟ ಪದಗಳಿಗೂ ಅಲ್ಲಿ ನಿಷೇಧವಿತ್ತು. ಮೀರಿದವರಿಗೆ ಕೆಲಸವಿಲ್ಲ.

ಮುಂದೆ ಟೆಲಿವಿಷನ್ ಬಂತು. 1948ರಿಂದ 1971ರವರೆಗೆ ಭಾನುವಾರ ರಾತ್ರಿ ಎಡ್ ಸಲಿವನ್ ಅವರ ಶೋ, 1962ರಿಂದ ಮೂರು ದಶಕ ಜಾನಿ ಕಾರ್ಸನ್ ಅವರ ಶೋ. ಈ ಎರಡು ಕಾರ್ಯಕ್ರಮಗಳಲ್ಲಿ ಐದಾರು ನಿಮಿಷ ಸಿಕ್ಕರೆ ಹಾಸ್ಯಗಾರನ ಬದುಕು ಬದಲಾಗುತ್ತಿತ್ತು. ಮನೆಯ ಹಜಾರದಲ್ಲಿ ಅಜ್ಜಿ, ಮೊಮ್ಮಗ ಒಟ್ಟಿಗೆ ಕೂತು ನೋಡುವ ಆ ಐದಾರು ನಿಮಿಷಕ್ಕಾಗಿ ಒಂದು ಇಡೀ ತಲೆಮಾರು ಬಾಯಿ ತೊಳೆದುಕೊಂಡು ಬರೆಯಿತು. ಬಾಬ್ ನ್ಯೂಹಾರ್ಟ್ ಆ ತಲೆಮಾರಿನ ಮೇರು. ಕೈಯಲ್ಲಿ ಫೋನ್ ಹಿಡಿದಂತೆ ನಿಂತು, ಒಂದು ಬದಿಯ ಮಾತಷ್ಟನ್ನೇ ಆಡುವುದು ಅವರ ರೀತಿ. ಅತ್ತಲಿನ ಮಾತನ್ನು ಕೇಳುಗ ಊಹಿಸಿಕೊಂಡು ನಗಬೇಕು. ಅಬ್ರಹಾಂ ಲಿಂಕನ್ನರಿಗೆ ಪ್ರಚಾರದ ಏಜೆಂಟನೊಬ್ಬ ಫೋನಿನಲ್ಲಿ ಭಾಷಣದ ಪಾಠ ಹೇಳುವ ಪ್ರಸಂಗ ಈಗಲೂ ಹೊಸದಾಗಿದೆ. 1960ರ ಅವರ ಮೊದಲ ಧ್ವನಿಮುದ್ರಿಕೆ ಗಾಯಕರನ್ನೆಲ್ಲ ಹಿಂದಿಕ್ಕಿ ವರ್ಷದ ಆಲ್ಬಮ್ ಎಂಬ ಗ್ರಾಮಿ ಪ್ರಶಸ್ತಿ ಪಡೆಯಿತು. ಅದರಲ್ಲಿ ಒಂದೂ ಬೈಗುಳವಿಲ್ಲ.

ಇನ್‌ಸ್ಪೆಕ್ಟರ್ ಹೇಳಿದ ಜೋಕು

ಅದೇ ಹೊತ್ತಿಗೆ ನೈಟ್‌ಕ್ಲಬ್‌ಗಳ ಹೊಗೆಯಲ್ಲಿ ಲೆನ್ನಿ ಬ್ರೂಸ್ ಬೇರೆಯದೇ ಹಾದಿ ಹಿಡಿದಿದ್ದರು. ಧರ್ಮದ ವ್ಯಾಪಾರ, ಬಣ್ಣದ ದ್ವೇಷ, ಲೈಂಗಿಕತೆಯ ಸುತ್ತಲಿನ ಸೋಗು ಅವರ ವಸ್ತು. ಜನ ಮನೆಯೊಳಗೆ ಆಡುವ ಮಾತನ್ನು ವೇದಿಕೆಯ ಮೇಲೂ ಆಡಿದ್ದು ಅವರ ಅಪರಾಧ. 1961ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಅಶ್ಲೀಲತೆಯ ಬಂಧನ. ಮರುವರ್ಷ ಅದರಲ್ಲಿ ಖುಲಾಸೆಯಾಯಿತು. ಬಂಧನಗಳು ನಿಲ್ಲಲಿಲ್ಲ. 1964ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಕೆಫೆ ಓ ಗೋ ಗೋದಲ್ಲಿ ಮತ್ತೆ ಹಿಡಿದರು.

ಆ ವಿಚಾರಣೆಯ ಒಂದು ದೃಶ್ಯವನ್ನು ಹಾಸ್ಯದ ಬಗ್ಗೆ ಬರೆಯುವವರು ಮರೆಯುವ ಹಾಗಿಲ್ಲ. ಪ್ರೇಕ್ಷಕರ ನಡುವೆ ಕೂತು ಟಿಪ್ಪಣಿ ಮಾಡಿಕೊಂಡಿದ್ದ ಲೈಸೆನ್ಸ್ ಇನ್‌ಸ್ಪೆಕ್ಟರ್ ಸಾಕ್ಷಿಕಟ್ಟೆಯಲ್ಲಿ ನಿಂತು, ಬ್ರೂಸ್ ಹೇಳಿದ ಜೋಕುಗಳನ್ನು ಚೀಟಿ ನೋಡಿಕೊಂಡು ಒಪ್ಪಿಸಿದ. ಸಂದರ್ಭ ಹೋಯಿತು, ಧಾಟಿ ಹೋಯಿತು, ಬೈಗುಳಗಳಷ್ಟೇ ಉಳಿದವು. ಈತ ನನ್ನ ಆಟವನ್ನು ಕೆಡಿಸಿ ಹೇಳುತ್ತಿದ್ದಾನೆ, ಶಿಕ್ಷೆ ಮಾತ್ರ ನನಗೆ ಎಂಬುದು ಬ್ರೂಸ್ ಅಳಲು. ಆ ಅಳಲಿನಲ್ಲಿ ನ್ಯಾಯವಿದೆ. ಪದವನ್ನು ಅದು ಹುಟ್ಟಿದ ಜಾಗದಿಂದ ಕಿತ್ತು ಕಾಗದದ ಮೇಲಿಟ್ಟರೆ ಯಾವ ಹಾಸ್ಯವೂ ಹೊಲಸಾಗಿಯೇ ಕಾಣುತ್ತದೆ.

ಆ ವರ್ಷದ ಕೊನೆಗೆ ನಾಲ್ಕು ತಿಂಗಳ ಶಿಕ್ಷೆ ಘೋಷಣೆಯಾಯಿತು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ, 1966ರ ಆಗಸ್ಟ್ 3ರಂದು, ಮಾದಕವಸ್ತುವಿನ ಅತಿಸೇವನೆಯಿಂದ ಬ್ರೂಸ್ ತೀರಿಕೊಂಡರು. ವಯಸ್ಸು ನಲವತ್ತು. 2003ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಗವರ್ನರ್ ಅವರಿಗೆ ಕ್ಷಮಾದಾನ ಕೊಟ್ಟರು. ಆ ರಾಜ್ಯದಲ್ಲಿ ಸತ್ತವರೊಬ್ಬರಿಗೆ ಕ್ಷಮೆ ಸಿಕ್ಕಿದ್ದು ಅದೇ ಮೊದಲು.

ಏಳು ಪದ, ಒಂದು ರೇಡಿಯೋ

ಜಾರ್ಜ್ ಕಾರ್ಲಿನ್ ಮೊದಲು ಕೋಟು ಟೈ ಹಾಕಿಕೊಂಡು ಟಿವಿಯಲ್ಲಿ ಸಭ್ಯವಾಗಿ ನಗಿಸುತ್ತಿದ್ದವರು. 1970ರ ಸುಮಾರಿಗೆ ಗಡ್ಡ ಬಿಟ್ಟರು, ಟೈ ಬಿಟ್ಟರು. 1972ರಲ್ಲಿ, ಟಿವಿಯಲ್ಲಿ ಎಂದಿಗೂ ಹೇಳಬಾರದ ಏಳು ಪದಗಳು ಎಂಬ ಪ್ರಸಂಗ ಕಟ್ಟಿದರು. ಏಳೂ ಪದಗಳನ್ನು ಒಂದಾದ ಮೇಲೊಂದು ಹೇಳಿ, ಇವುಗಳಲ್ಲಿ ಅಂಥದ್ದೇನಿದೆ ಎಂದು ಒಂದೊಂದನ್ನೇ ಬಿಡಿಸಿ ನೋಡುವುದು ಅದರ ಹೂರಣ. ಆ ಜುಲೈನಲ್ಲಿ ಮಿಲ್ವಾಕಿಯ ಬೇಸಿಗೆ ಉತ್ಸವದಲ್ಲಿ ಅದನ್ನು ಹೇಳಿದ್ದಕ್ಕೆ ಬಂಧನವಾಯಿತು. ಪ್ರಕರಣ ಅದೇ ವರ್ಷ ವಜಾ ಆಯಿತು.

1973ರ ಅಕ್ಟೋಬರಿನ ಒಂದು ಮಧ್ಯಾಹ್ನ ನ್ಯೂಯಾರ್ಕಿನ ಡಬ್ಲ್ಯೂಬಿಎಐ ರೇಡಿಯೋ ಇದೇ ಜಾಡಿನ ಇನ್ನೊಂದು ಪ್ರಸಂಗವನ್ನು ಬಿತ್ತರಿಸಿತು. ಮಗನೊಂದಿಗೆ ಕಾರಿನಲ್ಲಿ ಹೋಗುತ್ತಿದ್ದ ತಂದೆಯೊಬ್ಬರು ದೂರು ಕೊಟ್ಟರು. ಐದು ವರ್ಷದ ನಂತರ, 1978ರ ಜುಲೈಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಐದು ಮತ್ತು ನಾಲ್ಕರ ಬಹುಮತದಿಂದ ತೀರ್ಪಿತ್ತಿತು: ಈ ಮಾತು ಅಶ್ಲೀಲವೆಂದು ನಿಷೇಧಿಸುವಂಥದ್ದಲ್ಲ, ಆದರೆ ಮಕ್ಕಳ ಕಿವಿಗೆ ಬೀಳುವ ಹೊತ್ತಿನಲ್ಲಿ ಬಿತ್ತರಿಸುವುದನ್ನು ಸರ್ಕಾರ ತಡೆಯಬಹುದು. ಅಲ್ಲಿನ ರೇಡಿಯೋ, ಟಿವಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ ಸಡಿಲಿಕೆ ಎಂಬ ನಿಯಮ ಬೆಳೆದದ್ದು ಈ ತೀರ್ಪಿನ ಬುಡದಿಂದ.

ಅಷ್ಟರಲ್ಲಿ ಹಣ ಕೊಟ್ಟು ನೋಡುವ ಕೇಬಲ್ ವಾಹಿನಿ ಎಚ್‌ಬಿಒ ಬಂದಿತ್ತು. ಜಾಹೀರಾತುದಾರನ ಹಂಗಿಲ್ಲ, ಆದ್ದರಿಂದ ಕತ್ತರಿಯೂ ಇಲ್ಲ. 1977ರಲ್ಲಿ ಕಾರ್ಲಿನ್ ಅಲ್ಲಿ ತಮ್ಮ ಮೊದಲ ಪೂರ್ಣ ಪ್ರದರ್ಶನ ಕೊಟ್ಟರು. ಇಂದು ಓಟಿಟಿಯಲ್ಲಿ ಕಾಣುವ ವಯಸ್ಸಿನ ಎಚ್ಚರಿಕೆ, ಬೀಪ್ ಇಲ್ಲದ ಮಾತು, ಒಂದು ಗಂಟೆಯ ಸ್ಪೆಷಲ್ ಎಲ್ಲದರ ಬೇರೂ ಆ ವಾಹಿನಿಯಲ್ಲಿದೆ.

ಹೃದಯ ಬೈದಾಗ

ಬೈಗುಳ ಕಲೆಯಾಗುವುದು ಎಂದರೇನು ಎಂದು ಕೇಳಿದರೆ ನಾನು ತೋರಿಸುವುದು ರಿಚರ್ಡ್ ಪ್ರಯರ್ ಅವರನ್ನು. ಇಲಿನಾಯ್ಸ್ ರಾಜ್ಯದ ಪಿಯೋರಿಯಾ ಊರಿನಲ್ಲಿ, ಅಜ್ಜಿ ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ ಬೆಳೆದ ಕಪ್ಪು ಹುಡುಗ. ಮೊದಮೊದಲು ಆಗಿನ ಸಭ್ಯ ತಾರೆ ಬಿಲ್ ಕಾಸ್ಬಿಯವರ ಜಾಡಿನಲ್ಲೇ ನಡೆದರು. 1967ರಲ್ಲಿ ಲಾಸ್ ವೇಗಸ್‌ನ ಅಲಾದಿನ್ ಹೋಟೆಲಿನ ತುಂಬಿದ ಸಭೆಯ ಮುಂದೆ ನಿಂತವರು, ನಾನಿಲ್ಲೇನು ಮಾಡುತ್ತಿದ್ದೇನೆ ಎಂದು ಕೇಳಿ ವೇದಿಕೆ ಬಿಟ್ಟು ಹೊರಟೇಹೋದರು. ಮರಳಿ ಬಂದಾಗ ಅವರ ಬಾಯಲ್ಲಿ ಪಿಯೋರಿಯಾದ ಬೀದಿಯೇ ಇತ್ತು: ಕುಡುಕರು, ಪಾದ್ರಿಗಳು, ಸೂಳೆಯರು, ಪೊಲೀಸರು, ಕಥೆ ಹೇಳುವ ಮುದುಕರು. ಅವರೆಲ್ಲ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ.

1979ರ ‘ಲೈವ್ ಇನ್ ಕನ್ಸರ್ಟ್’ ಚಿತ್ರದಲ್ಲಿ ಅವರು ತಮಗಾದ ಹೃದಯಾಘಾತವನ್ನು ಅಭಿನಯಿಸುತ್ತಾರೆ. ಅಂಗಳದಲ್ಲಿ ನಡೆಯುತ್ತಿದ್ದಾಗ ಎದೆ ಹಿಡಿದುಕೊಳ್ಳುತ್ತದೆ. ಆಮೇಲೆ ಹೃದಯವೇ ಬೀದಿ ರೌಡಿಯ ದನಿಯಲ್ಲಿ ಗದರುತ್ತದೆ: ಉಸಿರಾಡಬೇಡ, ಮಂಡಿಯೂರು, ಈಗ ಸಾವಿನ ಯೋಚನೆ ಬಂತಲ್ಲವೇ, ಹಂದಿಮಾಂಸ ತಿನ್ನುವಾಗ ಯಾಕೆ ಬರಲಿಲ್ಲ. ಪ್ರಯರ್ ನೆಲಕ್ಕೆ ಬಿದ್ದು ಒದ್ದಾಡುತ್ತಲೇ ಹೃದಯದ ಮಾತನ್ನೂ ತಾವೇ ಆಡುತ್ತಾರೆ. ಅದು ಬೈಯುತ್ತದೆ, ಕೆಟ್ಟದಾಗಿ ಬೈಯುತ್ತದೆ. ಆ ಬೈಗುಳ ತೆಗೆದುಬಿಡಿ, ಭಯ ಹೋಗುತ್ತದೆ; ಭಯ ಹೋದರೆ ನಗುವೂ ಹೋಗುತ್ತದೆ.

ಅದೇ ವರ್ಷ ಅವರು ಕೀನ್ಯಾಕ್ಕೆ ಹೋಗಿ ಬಂದರು. ಕರಿಯರನ್ನು ಹೀನೈಸಲು ಬಿಳಿಯರು ಬಳಸುತ್ತಿದ್ದ ಪದ ಅವರ ಹಾಸ್ಯದಲ್ಲಿ ಹೇರಳವಾಗಿತ್ತು, ಅವರ ಆಲ್ಬಮ್‌ಗಳ ಹೆಸರಿನಲ್ಲೂ ಇತ್ತು. ಕರಿಯರದೇ ನಾಡಿನಲ್ಲಿ ನಿಂತು ಸುತ್ತ ನೋಡಿದಾಗ ಆ ಪದಕ್ಕೆ ತಕ್ಕವರು ಯಾರೂ ಕಾಣಲಿಲ್ಲವೆಂದು ಹೇಳಿ ಅದನ್ನು ಬಿಟ್ಟರು. ಉಳಿದ ಬೈಗುಳ ಬಿಡಲಿಲ್ಲ. ಈ ವಿವೇಕದ ಮಾತಿಗೆ ಮುಂದೆ ಬರುತ್ತೇನೆ.

ಇನ್ನು ಕಾಸ್ಬಿ. ಹಾಸ್ಯಗಾರ ಎಡ್ಡಿ ಮರ್ಫಿ 1987ರ ‘ರಾ’ ಚಿತ್ರದಲ್ಲಿ ಹೇಳುವಂತೆ, ಕಾಸ್ಬಿ ತಮಗೆ ಫೋನ್ ಮಾಡಿ ಹೊಲಸು ಮಾತಾಡುತ್ತೀಯೆಂದು ಪಾಠ ಹೇಳಿದ್ದರು. ಅಮೆರಿಕದ ಅಪ್ಪ ಎಂದು ಹೆಸರಾಗಿದ್ದ, ವೇದಿಕೆಯ ಮೇಲೆ ಕೆಟ್ಟ ಪದ ಆಡದ ಅದೇ ಕಾಸ್ಬಿಯವರ ಮೇಲೆ ಮುಂದೆ ಹತ್ತಾರು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದರು. 2018ರಲ್ಲಿ ಶಿಕ್ಷೆಯಾಯಿತು; 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ವಿಚಾರಣೆಯ ಕ್ರಮದ ಲೋಪಕ್ಕಾಗಿ ಆ ಶಿಕ್ಷೆಯನ್ನು ರದ್ದುಮಾಡಿತು. ಬಾಯಿ ಶುದ್ಧವಾಗಿದ್ದರೆ ಮನುಷ್ಯ ಶುದ್ಧ ಎಂದು ನಂಬುವವರು ಈ ಕಥೆಯನ್ನು ಎದುರಿಟ್ಟುಕೊಂಡು ಮಾತಾಡಬೇಕು.

ಬೈಗುಳಕ್ಕೆ ನಗು ಬರುವುದೇಕೆ

ನಿಷಿದ್ಧ ಪದ ಕಿವಿಗೆ ಬಿದ್ದಾಗ ಮೈ ಸ್ವಲ್ಪ ಜುಮ್ಮೆನ್ನುತ್ತದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಂಜಿನಷ್ಟು ತಣ್ಣಗಿನ ನೀರಿನಲ್ಲಿ ಕೈ ಅದ್ದಿಟ್ಟವರು ಬೈಯುತ್ತಾ ಇದ್ದರೆ ಹೆಚ್ಚು ಹೊತ್ತು ತಡೆದುಕೊಂಡರು, ಎದೆಬಡಿತವೂ ಏರಿತು. ಮುಂದಿನ ಪ್ರಯೋಗದಲ್ಲಿ ಇನ್ನೊಂದು ವಿಷಯ ತಿಳಿಯಿತು: ದಿನವಿಡೀ ಬೈಯುವ ಅಭ್ಯಾಸವಿದ್ದವರಿಗೆ ಈ ಲಾಭ ಕಡಿಮೆ.

ವೇದಿಕೆಯಲ್ಲೂ ಹಾಗೆಯೇ. ಮೊದಲ ಬೈಗುಳಕ್ಕೆ ಸಭೆ ಬೆಚ್ಚಿ ನಗುತ್ತದೆ. ಹತ್ತನೆಯದಕ್ಕೆ ಅದು ಬರೀ ಸದ್ದು. ಮೊದಲ ನಗು ಕೂಡ ಜೋಕಿನದಲ್ಲ, ಬೆಚ್ಚಿದ್ದರದು. ಅಮೆರಿಕದ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ ಬೈಗುಳವನ್ನು ದೂರವಿಟ್ಟದ್ದು ಈ ಕಾರಣಕ್ಕೇ. ನಗು ಪದಕ್ಕೆ ಬಂತೋ ಜೋಕಿಗೆ ಬಂತೋ ಎಂಬುದೇ ತಿಳಿಯದಿದ್ದರೆ ಜೋಕನ್ನು ತಿದ್ದುವುದು ಹೇಗೆ?

ಒಂದು ಉದಾಹರಣೆ ಕಟ್ಟಿ ನೋಡೋಣ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡದೆ ಟಿಕೆಟ್ ಹಿಂದೆ ಬರೆದುಕೊಡುತ್ತಾರೆ. ಹಾಸ್ಯಗಾರ ಹೇಳುತ್ತಾನೆ: ‘ಟಿಕೆಟ್ ಹಿಂದೆ ಐದು ರೂಪಾಯಿ ಅಂತ ಬರೆದುಕೊಟ್ರು. ಇಳಿಯೋವಾಗ ಕೇಳಿದ್ರೆ ಆ’ — ಇಲ್ಲೊಂದು ಬೈಗುಳ — ‘ಕಿಟಕಿ ಕಡೆ ನೋಡ್ತಾ ಕೂತಿದ್ದ.’ ಸಭೆ ನಗುತ್ತದೆ, ಅಲ್ಲಿಗೆ ಮುಗಿಯಿತು. ಅದೇ ಜೋಕನ್ನು ಹೀಗೂ ಹೇಳಬಹುದು: ‘ನಮ್ಮಪ್ಪ ಅಂಥ ಟಿಕೆಟ್‌ಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿ ಇಟ್ಟಿದ್ದಾರೆ. ಯಾಕಪ್ಪಾ ಅಂದ್ರೆ, ನಿನ್ನ ತಂಗಿ ಮದುವೆಗೆ ಕಣೋ ಅಂತಾರೆ.’ ಬೈಗುಳದ ಜಾಗದಲ್ಲಿ ಈಗ ಒಬ್ಬ ಅಪ್ಪ ಬಂದರು, ಬೀರು ಬಂತು, ಒಂದು ಮನೆಯ ಆರ್ಥಿಕ ಸ್ಥಿತಿ ಬಂತು. ಇನ್ನೂ ಮೂರು ಜೋಕಿಗೆ ಇಲ್ಲಿಂದ ದಾರಿಯಿದೆ. ಬೈಗುಳ ಕೆಟ್ಟದ್ದೆಂದಲ್ಲ, ಬಹಳ ಬೇಗ ಸಿಕ್ಕಿಬಿಡುತ್ತದೆ. ಸಿಕ್ಕಿದ್ದರಿಂದ ಹುಡುಕಾಟ ನಿಂತುಹೋಗುತ್ತದೆ. ಹೊಸಬರಿಗೆ ಬೈಯಬೇಡಿ ಎಂದು ಹಿರಿಯ ಹಾಸ್ಯಗಾರರು ಹೇಳುವುದರ ಹಿಂದಿರುವುದು ಈ ಕಸುಬಿನ ತಿಳಿವಳಿಕೆ.

ನಮ್ಮಲ್ಲಿ ಬೈಗುಳಕ್ಕೂ ಒಂದು ದಿನ

ಬೈಗುಳ ಪಶ್ಚಿಮದಿಂದ ಬಂದ ರೋಗ ಎನ್ನುವವರು ಮೇ ತಿಂಗಳ ಕೊನೆಗೆ ದಕ್ಷಿಣ ಕೊಡಗಿನ ದೇವರಪುರಕ್ಕೆ ಹೋಗಬೇಕು. ಅಲ್ಲಿನ ಕುಂಡೆ ಹಬ್ಬದಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಸಮುದಾಯದವರು ಬಗೆಬಗೆ ವೇಷ ತೊಟ್ಟು, ಗಂಡಸರು ಹೆಣ್ಣುವೇಷ ಹಾಕಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಾ, ಎದುರಾದವರನ್ನೆಲ್ಲ ಬೈಯುತ್ತಾ ಕಾಸು ಕೇಳುತ್ತಾರೆ. ದೇವರನ್ನೂ ಬೈಯುತ್ತಾರೆ. ಬೇಟೆಗೆ ಕರೆದೊಯ್ದ ಅಯ್ಯಪ್ಪ ನಡುದಾರಿಯಲ್ಲಿ ತಮ್ಮನ್ನು ಮರೆತು ಭದ್ರಕಾಳಿಯ ಹಿಂದೆ ಹೋದ ಎಂಬುದು ಅವರ ದೂರು. ವರ್ಷಕ್ಕೊಮ್ಮೆ ಬೈದು, ಹರಕೆ ಒಪ್ಪಿಸಿ ಮನೆಗೆ ಹೋಗುತ್ತಾರೆ. ಉತ್ತರ ಕರ್ನಾಟಕದ ಹೋಳಿಯಲ್ಲಿ ಹಲಗೆ ಬಡಿದು ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುವಾಗಲೂ ಮಡಿಮಾತಿಗೆ ಒಂದು ದಿನ ರಜೆ. ವರ್ಷವಿಡೀ ಬಾಯಿ ಮುಚ್ಚಿಕೊಂಡಿರಬೇಕಾದವರು ಅಂದು ದೊಡ್ಡವರನ್ನು ಬೈಯಬಹುದು.

ದೊಡ್ಡವರನ್ನು ಎಂಬುದೇ ಇಲ್ಲಿ ಮುಖ್ಯ. ದಿನನಿತ್ಯದ ಬೈಗುಳ ಹಾಗಲ್ಲ. ಕನ್ನಡದ ಬೈಗುಳಗಳ ಪಟ್ಟಿಯನ್ನು ಮನಸ್ಸಿನಲ್ಲೇ ಹಾಕಿಕೊಂಡು ನೋಡಿ. ಪತ್ರಿಕೆಯಲ್ಲಿ ಅಚ್ಚು ಹಾಕುವ ಅಗತ್ಯವಿಲ್ಲ. ಅರ್ಧದಷ್ಟು ಬೈಸಿಕೊಂಡವನ ತಾಯಿಯ ಮೇಲೆ ಬೀಳುತ್ತವೆ. ತೀರಾ ಸಾಮಾನ್ಯವಾದ ಒಂದು, ಗಂಡ ಸತ್ತ ಹೆಂಗಸಿನ ಮೇಲೆ ಬೀಳುತ್ತದೆ. ಮತ್ತೆ ಕೆಲವು ಜಾತಿಯ ಹೆಸರುಗಳೇ. ಕಂಡಕ್ಟರನ ಮೇಲಿನ ಸಿಟ್ಟಿಗೆ, ಆ ಬಸ್ಸಿನಲ್ಲೇ ಇಲ್ಲದ ವಿಧವೆಯೊಬ್ಬಳು ಏಟು ತಿನ್ನುತ್ತಾಳೆ. ಪ್ರಯರ್ ಒಂದೇ ಒಂದು ಪದವನ್ನು ಆರಿಸಿ ಬಿಟ್ಟದ್ದು ಯಾಕೆ ಎಂಬುದು ನಮಗೆ ಅರ್ಥವಾಗಬೇಕಾದದ್ದು ಇಲ್ಲಿ. ತಾನು ಬೈಯಬೇಕೆಂದವನನ್ನೇ ಬೈಯುವ ಪದ ಬೇರೆ, ದಾರಿಯಲ್ಲಿ ಹೋಗುವ ಬಡವರನ್ನು ಎಳೆದು ತರುವ ಪದ ಬೇರೆ.

ಹಾಗೆಂದು ನಮ್ಮ ಸಭ್ಯ ಹಾಸ್ಯದ ವೇದಿಕೆಗೆ ಪೂರ್ಣ ಅಂಕ ಕೊಡಲು ನನ್ನಿಂದಾಗದು. ಹಾಸ್ಯ ಸಾಹಿತಿ ಬೀಚಿಯವರ ತಿಂಮ ಎಂಬ ಪಾತ್ರದಿಂದ ಹಿಡಿದು, ‘ಲಂಚಾವತಾರ’ ನಾಟಕದಲ್ಲಿ ಅಂದಿನ ಸುದ್ದಿಯನ್ನೇ ಸಂಭಾಷಣೆಗೆ ಸೇರಿಸಿ ಅಧಿಕಾರಸ್ಥರನ್ನು ಹಿಂಡುತ್ತಿದ್ದ ಮಾಸ್ಟರ್ ಹಿರಣ್ಣಯ್ಯನವರವರೆಗೆ ನಮಗೆ ದೊಡ್ಡ ಪರಂಪರೆಯಿದೆ. ಬೀಚಿಯವರ ಹೆಸರನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡಿರುವ ಗಂಗಾವತಿ ಪ್ರಾಣೇಶರು ತಮ್ಮ ಗಂಗಾವತಿಯ ಕನ್ನಡವನ್ನು ಊರೂರಿಗೆ ಒಯ್ದರು. ಆದರೆ ಗಣೇಶೋತ್ಸವದ ಪೆಂಡಾಲಿನಿಂದ ಹಿಡಿದು ಟಿವಿಯ ಕಾಮಿಡಿ ಶೋವರೆಗೆ ಒಂದೂ ಬೈಗುಳವಿಲ್ಲದೆ ಏನೆಲ್ಲ ನಡೆಯುತ್ತದೆ ನೋಡಿ. ಹೆಂಡತಿ ಎಂದರೆ ಪೀಡೆ, ಕಪ್ಪು ಹುಡುಗಿ ಎಂದರೆ ನಗೆಪಾಟಲು, ದಪ್ಪಗಿದ್ದರೆ ಲಾರಿ, ತೊದಲಿದರೆ ಶಿಳ್ಳೆ, ಗಂಡಸು ಸೀರೆಯುಟ್ಟು ಬಂದರಂತೂ ಮಾತೇ ಬೇಡ. ಕುಟುಂಬ ಸಮೇತ ನೋಡಬಹುದು ಎನ್ನುತ್ತಾರೆ. ಆ ಕುಟುಂಬದಲ್ಲೇ ಕೂತಿರುವ ಕಪ್ಪು ಹುಡುಗಿಗೆ ಅದು ಬೈಗುಳವೇ.

ಕಾನೂನು ಹೇಳುವುದು

ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಮಾತಾಡಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಡಿ ಮೂರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಶ್ಲೀಲವಾದದ್ದನ್ನು ಅಂತರ್ಜಾಲಕ್ಕೆ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಶಿಕ್ಷೆ. ವೇದಿಕೆಗಿಂತ ಯೂಟ್ಯೂಬ್ ಅಪಾಯಕರ ಎಂದು ಹಾಸ್ಯಗಾರರು ಅಂಜುವುದು ಸುಮ್ಮನೆ ಅಲ್ಲ. 2014ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಎಐಬಿ ಎಂಬ ಹಾಸ್ಯ ತಂಡ ನಡೆಸಿದ ರೋಸ್ಟ್, ಅಂದರೆ ಎದುರಿಗೇ ಕೂರಿಸಿಕೊಂಡು ಗೇಲಿ ಮಾಡುವ ಆಟ, ಸಾವಿರಾರು ಜನರ ಮುಂದೆ ನಡೆದಾಗ ತಕರಾರು ಬರಲಿಲ್ಲ. ಮರುತಿಂಗಳು ಯೂಟ್ಯೂಬಿಗೆ ಬಂದ ಮೇಲೆ ಪೊಲೀಸ್ ದೂರುಗಳು ಬಿದ್ದು, ಕೆಲವೇ ದಿನದಲ್ಲಿ ವಿಡಿಯೋ ತೆಗೆಯಬೇಕಾಯಿತು. 2025ರ ಫೆಬ್ರವರಿಯಲ್ಲಿ ‘ಇಂಡಿಯಾಸ್ ಗಾಟ್ ಲೇಟೆಂಟ್’ ಕಾರ್ಯಕ್ರಮದ ಒಂದು ಹೊಲಸು ಪ್ರಶ್ನೆ ಹಲವು ರಾಜ್ಯಗಳ ಪೊಲೀಸರನ್ನು ಎಬ್ಬಿಸಿತು.

ಬೈಗುಳವೆಲ್ಲ ಅಶ್ಲೀಲವೇ? ‘ಕಾಲೇಜ್ ರೋಮ್ಯಾನ್ಸ್’ ವೆಬ್ ಸರಣಿಯ ಪ್ರಕರಣದಲ್ಲಿ ಈ ಪ್ರಶ್ನೆ ನೇರವಾಗಿ ಬಂತು. ಸಂಭಾಷಣೆ ಕೇಳಲು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಕಾಯಿತೆಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿತ್ತು. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು: ಬೈಗುಳ ಅಸಹ್ಯವೆನಿಸಬಹುದು, ಆದರೆ ಬೈಗುಳ ಎಂಬ ಒಂದೇ ಕಾರಣಕ್ಕೆ ಅದು ಅಶ್ಲೀಲವಾಗದು, ಕಾಮವನ್ನು ಕೆರಳಿಸುತ್ತದೆಯೇ ಎಂದು ಇಡೀ ಸಂದರ್ಭದಲ್ಲಿ ನೋಡಬೇಕು. ಲೆನ್ನಿ ಬ್ರೂಸ್ ಕೇಳಿದ್ದೂ ಇಷ್ಟನ್ನೇ.

ಇಷ್ಟಾಗಿಯೂ ನಮ್ಮಲ್ಲಿ ಹಾಸ್ಯಗಾರರು ಜೈಲು ಕಂಡದ್ದು ಬೈದದ್ದಕ್ಕಲ್ಲ. 2021ರ ಜನವರಿ 1ರಂದು ಇಂದೋರಿನಲ್ಲಿ ಮುನಾವರ್ ಫಾರೂಕಿ ಬಂಧನಕ್ಕೊಳಗಾಗಿ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದದ್ದು ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ಆರೋಪದ ಮೇಲೆ. ಅದೇ ವರ್ಷದ ನವೆಂಬರಿನಲ್ಲಿ ಪೊಲೀಸರ ಸೂಚನೆಯ ನಂತರ ಬೆಂಗಳೂರಿನಲ್ಲೂ ಅವರ ಪ್ರದರ್ಶನ ರದ್ದಾಯಿತು. ಕಾರ್ಪೊರೇಟ್ ಇಮೇಲಿನ ಮೂರು ಬೇಡಗಳಲ್ಲಿ ಮೊದಲನೆಯದು ಮುಜುಗರದ್ದು, ಉಳಿದೆರಡು ಭಯದ್ದು.

ಟಿಕೆಟ್ ಕೊಳ್ಳುವವರಿಗೆ

ಬೈಯದಿದ್ದರೆ ಇಂದಿನ ಕಾಲದಲ್ಲಿ ನಡೆಯದು ಎಂಬ ಮಾತು ಸುಳ್ಳು. 2024ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿದ ನೇಟ್ ಬರ್ಗಾಟ್ಜಿ ಒಂದೂ ಕೆಟ್ಟ ಪದ ಆಡುವವರಲ್ಲ. ಬೈಯುವವರೆಲ್ಲ ಸೋಮಾರಿಗಳು ಎಂಬುದೂ ಅಷ್ಟೇ ಸುಳ್ಳು, ಪ್ರಯರ್ ಅದಕ್ಕೆ ಉತ್ತರ. ನನ್ನ ಪಕ್ಷ ಕೇಳಿದರೆ, ತಹಶೀಲ್ದಾರನಿಗೆ ಬೀಳುವ ಒಂದು ಒರಟು ಬೈಗುಳವನ್ನು ಸಹಿಸುತ್ತೇನೆ. ಮನೆಗೆಲಸದವಳ ಮೇಲಿನ ಒಂದು ಸಭ್ಯ ಜೋಕನ್ನು ಸಹಿಸಲಾರೆ.

ಕನ್ನಡದಲ್ಲಿ ಸ್ಟ್ಯಾಂಡ್‌ಅಪ್ ಈಗಷ್ಟೇ ಕಾಲೂರುತ್ತಿದೆ. ಬೆಂಗಳೂರಿನ ಲೋಲ್‌ಬಾಗ್‌ನಂಥ ತಂಡಗಳು ಹೊಸ ಹುಡುಗ ಹುಡುಗಿಯರಿಗೆ ಕನ್ನಡದಲ್ಲೇ ಮೈಕು ಕೊಡುತ್ತಿವೆ. ಆಯೋಜಕರಲ್ಲಿ ನನ್ನದೊಂದು ಕೇಳಿಕೆ: ಯಾವ ವಯಸ್ಸಿನವರಿಗೆ, ಎಂಥ ಮಾತು ಇರುತ್ತದೆ ಎಂಬುದನ್ನು ಪೋಸ್ಟರಿನಲ್ಲೇ ಕಾಣುವಂತೆ ಕನ್ನಡದಲ್ಲಿ ಹಾಕಿ. ಅಪ್ಪ ಅಮ್ಮನನ್ನು ಕರೆತಂದವರು ಮುಖ ತಗ್ಗಿಸಿ ಕೂರುವುದು ತಪ್ಪುತ್ತದೆ, ಹಾಸ್ಯಗಾರನಿಗೂ ಕೈ ಬಿಚ್ಚಿ ಆಡಲು ಆಗುತ್ತದೆ. ಓದುಗರಲ್ಲಿ ಇನ್ನೊಂದು: ಮೊಬೈಲಿನಲ್ಲಿ ಬಂದ ಮೂವತ್ತು ಸೆಕೆಂಡಿನ ತುಣುಕು ನೋಡಿ ಹಾಸ್ಯಗಾರನೊಬ್ಬನ ಮೇಲೆ ದೂರು ಬರೆಯುವ ಮೊದಲು, ಟಿಕೆಟ್ ಕೊಂಡು ಹೋಗಿ ಪೂರ್ತಿ ಒಂದು ಗಂಟೆ ಕೂತು ಕೇಳಿ.